ತಾತನ ಎರಡನೇ ದಾರ

ನಾನು ಬಾಡಿಗೆಗಿದ್ದ ಮನೆಯ ತಾತ ಹೋದ ಸುದ್ದಿ ಬಂದಾಗ ಸಿಡ್ನಿಯ ಹ್ಯಾರಿಸ್ ಪಾರ್ಕಿನ ಅಂಗಡಿಯೊಂದರಲ್ಲಿ ಕರಿಬೇವು ಆರಿಸುತ್ತಾ ನಿಂತಿದ್ದೆ. ಗೊತ್ತಿಲ್ಲದ ನಂಬರು, ವಯಸ್ಸಾದ ಹೆಂಗಸಿನ ದನಿ. "ವೆರಿಬೀಲಿ ಅವರ ಮನೆ ಹಿಂದಿನ ರೂಮಿನಲ್ಲಿದ್ದ ಇಂಡಿಯನ್ ಹುಡುಗಿ ನೀನೇ ತಾನೆ? ನಿನ್ನ ನಂಬರು ಅವರ ಫ್ರಿಜ್ ಮೇಲೆ ಬರೆದಿತ್ತು" ಅಂದರು. ನಿದ್ದೆಯಲ್ಲೇ ಹೋದರಂತೆ. ಮಣ್ಣೂ ಆಗಿಹೋಗಿತ್ತು. ನಲವತ್ತನೇ ದಿನಕ್ಕೆ ಅವರ ಜನರೆಲ್ಲ ಹಾಲ್‌ನಲ್ಲಿ ಸೇರುತ್ತಾರೆ, ಆಗೋದಾದರೆ ಬಾ ಅಂದರು. ಬರ್ತೀನಿ ಅಂದೆ.

ಕರಿಬೇವು ಅಲ್ಲೇ ಬಿಟ್ಟು ಸ್ಟೇಷನ್ನಿಗೆ ಬಂದು ಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ, ಹೆದರಿಕೆ ಬಂತು. ಆ ಮನುಷ್ಯ ನನಗೆ ಒಂದೇ ಒಂದು ದೊಡ್ಡ ಕೆಲಸ ಹೇಳಿದ್ದರು. ಒಂದು ಕಾಗದವನ್ನು ಬೋರ್ಡಿಗೆ ಚುಚ್ಚಿ ಬರಬೇಕಿತ್ತು, ಅಷ್ಟೇ. ನಾನು ಅದನ್ನು ಮಾಡದೆ, ಮಾಡಿದೆ ಅಂತ ಸುಳ್ಳು ಹೇಳಿದ್ದೆ. ಆ ಸುಳ್ಳು ನಂಬಿಕೊಂಡೇ ಅವರು ಹೋದರು. ಕಾಗದ ಮಾತ್ರ ರೌಸ್ ಹಿಲ್‌ನ ನಮ್ಮ ಮನೆಯಲ್ಲಿ, ಇಲ್ಲೇ ನೆಲೆಸೋಕೆ ಸಿಕ್ಕ ಪಿಆರ್ ಪತ್ರ ಇಟ್ಟ ಫೈಲಿನೊಳಗೆ ಇನ್ನೂ ಇತ್ತು.

ಅವರನ್ನು ನಾನು ಮೊದಲು ನೋಡಿದ್ದು ಓದೋಕೆ ಬಂದ ಹೊಸತರಲ್ಲಿ, ಮಾರ್ಚ್ ತಿಂಗಳಲ್ಲಿ, ರೂಮು ಹುಡುಕಿಕೊಂಡು ಮೆಲ್ಬರ್ನಿನ ವೆರಿಬೀಗೆ ಹೋದಾಗ. ಬಾಗಿಲು ತೆಗೆದವರಿಗೆ ಎಪ್ಪತ್ತೈದು ದಾಟಿತ್ತು. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಅಗಲ ಕಿವಿ. ನನ್ನ ಕಣ್ಣು ಹೋಗಿದ್ದು ಅವರ ಮಣಿಕಟ್ಟಿಗೆ. ಕೆಂಪು ಬಿಳಿ ಹೊಸೆದ ದಾರ, ಒಂದಲ್ಲ, ಎರಡು. ತುಮಕೂರಿನವಳಿಗೆ ಇನ್ನೇನು ಅನ್ನಿಸಬೇಕು? ಪೂಜೆಯ ದಾರ ಕಟ್ಟಿಕೊಂಡಿರೋ ಮುದುಕರ ಮನೆಯಲ್ಲಿ ನನಗೇನು ಭಯ ಅಂದುಕೊಂಡು ಅವತ್ತೇ ರೂಮು ಒಪ್ಪಿಕೊಂಡೆ.

ಅವರು ಬಲ್ಗೇರಿಯಾದವರು. ಅವರಲ್ಲಿ ಮಾರ್ಚ್ ಒಂದನೇ ತಾರೀಕು ಆ ದಾರ ಕಟ್ಟಿಸಿಕೊಂಡರೆ, ಹೂ ಬಿಟ್ಟ ಮರ ಕಣ್ಣಿಗೆ ಬಿದ್ದ ದಿನ ಬಿಚ್ಚಿ ಅದರ ಕೊಂಬೆಗೆ ಕಟ್ಟಬೇಕು. ಅವರೂರಲ್ಲಿ ಅದು ಚಳಿ ಮುಗಿಯುವ ಕಾಲ, ಕೆಲವೇ ವಾರದ ಮಾತು. ಮೆಲ್ಬರ್ನಿನಲ್ಲಿ ಮಾರ್ಚ್‌ಗೆ ಎಲೆ ಉದುರೋಕೆ ಶುರು. ಹಾಗಾಗಿ ತಾತ ಇಡೀ ಚಳಿಗಾಲ ದಾರ ಕಟ್ಟಿಕೊಂಡೇ ಇರುತ್ತಿದ್ದರು. ಆಗಸ್ಟ್ ಕೊನೆಗೆ ಹಿತ್ತಲಿನ ಪ್ಲಮ್ ಮರ ಹೂ ಬಿಡುವ ಹೊತ್ತಿಗೆ ಅದು ಕೊಳೆಯಾಗಿ ಬೂದಿಬಣ್ಣಕ್ಕೆ ತಿರುಗಿರುತ್ತಿತ್ತು. ಒಂದನ್ನು ಬಿಚ್ಚಿ ಮರಕ್ಕೆ ಕಟ್ಟುತ್ತಿದ್ದರು. ಇನ್ನೊಂದನ್ನು ಒಳಗೆ ತಂದು ಹಳೆಯ ಟೀ ಡಬ್ಬಿಯೊಳಗೆ ಹಾಕುತ್ತಿದ್ದರು. ಡಬ್ಬಿ ತುಂಬ ಅಂಥವೇ ದಾರಗಳು.

"ಅದಕ್ಯಾಕೆ ಮರ ಇಲ್ಲ?" ಅಂತ ಕೇಳಿದೆ.

"ಅದು ನನ್ನದಲ್ಲ" ಅಂದರು. ಮತ್ತೆ ಕೇಳಲಿಲ್ಲ. ಬಾಡಿಗೆಗೆ ಬಂದವಳು ಎಷ್ಟು ಕೇಳಬಹುದು?

ನಾನು ತಾತ ಅಂತ ಕರೆದ ಮೊದಲನೇ ಸಲ ಬೆಚ್ಚಿ ತಿರುಗಿದ್ದರು. ಅವರ ಭಾಷೆಯಲ್ಲಿ ಅಪ್ಪನನ್ನು ಕರೆಯೋ ಮಾತು ಹತ್ತಿರ ಹತ್ತಿರ ಹಾಗೇ ಇದೆಯಂತೆ. ಮಕ್ಕಳಿರಲಿಲ್ಲ. ಹೆಂಡತಿ ಆ ಹಿಂದಿನ ವರ್ಷ ಹೋಗಿದ್ದರು. "ಕರಿ, ಕರಿ, ಪರವಾಗಿಲ್ಲ" ಅಂತ ತಲೆಯನ್ನು ಅಡ್ಡಡ್ಡ ಆಡಿಸಿದರು. ಅವರಲ್ಲಿ ಅದೇ ಒಪ್ಪಿಗೆ. ನಾನೂ ನಮ್ಮೂರಿನ ಥರ ತಲೆ ಅಲ್ಲಾಡಿಸಿದೆ. ಯಾರಾದರೂ ನೋಡಿದ್ದರೆ ಇಬ್ಬರಿಗೂ ಕುತ್ತಿಗೆ ನೋವು ಅಂದುಕೊಳ್ಳುತ್ತಿದ್ದರು.

ಮೊಸರಿನ ವಿಷಯದಲ್ಲಿ ಮಾತ್ರ ನಮಗೆ ಎಂದೂ ರಾಜಿಯಾಗಲಿಲ್ಲ. ಪ್ರಪಂಚಕ್ಕೆ ಮೊಸರು ಕೊಟ್ಟವರು ತಾವೇ ಅನ್ನೋದು ಅವರ ವಾದ. ಹಾಲು ಕಾಯಿಸಿ, ಕಿರುಬೆರಳು ಅದ್ದಿ ಬಿಸಿ ನೋಡಿ, ಹೆಪ್ಪು ಹಾಕಿ, ಪಾತ್ರೆಗೆ ಕಂಬಳಿ ಸುತ್ತಿ ಮಗುವಿನ ಥರ ಮಲಗಿಸುತ್ತಿದ್ದರು. ನಾನು ಅದಕ್ಕೆ ಅನ್ನ ಕಲೆಸಿ ಸಾಸಿವೆ ಒಗ್ಗರಣೆ ಹಾಕಿದ ದಿನ ಮುಖ ಸಿಂಡರಿಸಿಕೊಂಡರು. ಮಾರನೇ ದಿನ ಬಟ್ಟಲು ಹಿಡಿದುಕೊಂಡು ನನ್ನ ಬಾಗಿಲಿಗೆ ತಾವೇ ಬಂದರು. ಬಾಯಲ್ಲಿ ಹೊಗಳಿಕೆ ಇಲ್ಲ, ಬಟ್ಟಲು ಮಾತ್ರ ಖಾಲಿ.

ನಲವತ್ತು ವರ್ಷ ಕಾರು ಮಾಡುವ ಕಾರ್ಖಾನೆಯಲ್ಲಿ ದುಡಿದು ಒಂದು ದಿನವೂ ರಜೆ ಹಾಕಿದವರಲ್ಲವಂತೆ. ಹೆಂಡತಿಗೆ ಸಮುದ್ರದ ಊರಿಗೆ ಹೋಗಿ ವಾರ ಇರಬೇಕು ಅಂತ ಆಸೆಯಿತ್ತು, ಅದೂ ಆಗಲಿಲ್ಲ. "ಅಷ್ಟೊಂದು ದುಡಿದು ಯಾರನ್ನ ಉದ್ಧಾರ ಮಾಡಿದ್ರಿ ತಾತ?" ಅಂತ ರೇಗಿಸಿದರೆ, "ರಜೆ ಅನ್ನೋ ಮಾತು ಕೇಳಿದರೆ ನನಗೆ ವಾಂತಿ ಬರುತ್ತೆ" ಅನ್ನುತ್ತಿದ್ದರು. ಜಿಪುಣ ಮುದುಕ ಅಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟಕ್ಕಷ್ಟೆ.

ಭಾನುವಾರ ಅವರ ದೇಶದವರ ಹಾಲ್‌ಗೆ ಹೋಗುತ್ತಿದ್ದರು. ಒಮ್ಮೊಮ್ಮೆ ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಅಲ್ಲಿ ಅವರಿಗೆ ಮುಂದಿನ ಸಾಲಿನ ಕುರ್ಚಿ ಖಾಯಂ. ಹೊಸಬರು ಬಂದರೆ "ಇವರು ನಮ್ಮ ಕ್ರಾಂತಿಕಾರಿ" ಅಂತಲೇ ಪರಿಚಯ. ಹರೆಯದಲ್ಲಿ ಅವರೂ ಇನ್ನು ನಾಲ್ವರು ಹುಡುಗರೂ ಸೇರಿ ಆಗಿನ ಸರ್ಕಾರದ ವಿರುದ್ಧ ಗುಟ್ಟಾಗಿ ಕರಪತ್ರ ಅಚ್ಚು ಹಾಕಿ, ಬ್ರೆಡ್ಡಿಗೆ ಕ್ಯೂ ನಿಂತವರ ಚೀಲದೊಳಗೆ ತುರುಕುತ್ತಿದ್ದರಂತೆ. ಜೀವದ ಗೆಳೆಯನೊಬ್ಬನನ್ನು ಗ್ರೀಸ್ ದೇಶದ ಗಡಿಯಲ್ಲಿ ಕಾವಲಿನವರು ಕೊಂದರು, ಇವರು ಹೇಗೋ ತಪ್ಪಿಸಿಕೊಂಡು ಬಂದರು. ಎಲ್ಲರಿಗೂ ಗೊತ್ತಿದ್ದ ಕಥೆ ಇಷ್ಟು. ಜನ ಕೈ ಕುಲುಕುವಾಗ ತಾತ ತಮ್ಮ ಬೂಟು ನೋಡಿಕೊಂಡು ನಿಲ್ಲುತ್ತಿದ್ದರು. ನಾಚಿಕೆ ಸ್ವಭಾವ ಅಂತ ನಾನು, ವಿನಯ ಅಂತ ಹಾಲ್‌ನವರು.

ಆ ಗೆಳೆಯನ ತಿಥಿ ಫೆಬ್ರವರಿ ಕೊನೆಗೆ ಬರುತ್ತಿತ್ತು. ಅವರಲ್ಲಿ ಸತ್ತವರ ಹೆಸರು ಬರೆದು ಕಪ್ಪು ಅಂಚು ಹಾಕಿದ ಕಾಗದವನ್ನು ಬಾಗಿಲಿಗೆ, ಕಂಬಕ್ಕೆ, ಮರಕ್ಕೆ ಅಂಟಿಸುತ್ತಾರೆ. ನಲವತ್ತನೇ ದಿನ ಒಂದು, ಆರು ತಿಂಗಳಿಗೊಂದು, ಆಮೇಲೆ ವರ್ಷ ವರ್ಷ. ಬೇಯಿಸಿದ ಗೋಧಿಗೆ ಸಕ್ಕರೆ ಕಲೆಸಿ ಹಂಚುತ್ತಾರೆ. ಕೈಗೆ ತೆಗೆದುಕೊಂಡವರು "ದೇವರು ಕ್ಷಮಿಸಲಿ" ಅನ್ನಬೇಕು. ಆ ಮಾತನ್ನು ಅವರ ಭಾಷೆಯಲ್ಲೇ ನನಗೆ ಕಲಿಸಿದ್ದರು. "ಯಾರನ್ನ ಕ್ಷಮಿಸಬೇಕು?" ಅಂದೆ. "ಸತ್ತವರನ್ನ. ಬದುಕಿರೋರಿಗೆ ಯಾರೂ ಗೋಧಿ ಬೇಯಿಸಲ್ಲ" ಅಂದರು.

ಹೆಂಡತಿ ಇರೋವರೆಗೂ ಕಾಗದವನ್ನು ಆಕೆಯೇ ಕೈಯಲ್ಲಿ ಬರೆಯುತ್ತಿದ್ದರು. ನಾನು ಆ ಮನೆಗೆ ಬಂದ ಮಾರನೇ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಮಾಡೋದರಿಂದ ಮುಖಾನೂ ಹಾಕಬಹುದಲ್ಲ ಅಂತ ಒಂದು ಹಳೆ ಫೋಟೋ ಕೊಟ್ಟರು. ಮರದ ಬೆಂಚಿನ ಮೇಲೆ ಇಬ್ಬರು ಹುಡುಗರು. ಇಬ್ಬರೂ ಕಡ್ಡಿ, ಇಬ್ಬರಿಗೂ ಅಗಲ ಕಿವಿ. ಒಬ್ಬ ಸೈನಿಕನ ಯೂನಿಫಾರ್ಮಿನಲ್ಲಿ, ಇನ್ನೊಬ್ಬ ದೊಗಲೆ ಕೋಟಿನಲ್ಲಿ. "ನನ್ನ ಗೆಳೆಯನ ಮುಖ ಹಾಕು" ಅಂದರು.

ಯಾವುದು ಅಂತ ಕೇಳಲಿಲ್ಲ ನಾನು. ಕೇಳೋದೇನಿದೆ? ನಮ್ಮ ತುಮಕೂರಿನ ಸರ್ಕಲ್ಲಿನಲ್ಲಿ ಇಂಥ ಫ್ಲೆಕ್ಸ್ ಎಷ್ಟು ನೋಡಿಲ್ಲ! ಗಡಿಯಲ್ಲಿ ಸತ್ತವನು ಅಂದರೆ ಯೂನಿಫಾರ್ಮು, ಮೀಸೆ, ಕೆಳಗೆ ವೀರಯೋಧ ಅಂತ ದಪ್ಪಕ್ಷರ. ಯೂನಿಫಾರ್ಮಿನ ಹುಡುಗನನ್ನು ಕತ್ತರಿಸಿ ತೆಗೆದು, ಕಪ್ಪು ಅಂಚು ಹಾಕಿ, ಕಾಲೇಜಿನ ಲೈಬ್ರರಿಯಲ್ಲಿ ಪ್ರಿಂಟ್ ಹಾಕಿಸಿದೆ. ತಾತನಿಗೆ ಸರ್ಪ್ರೈಸ್ ಕೊಡೋಣ ಅಂತ, ಅವರು ಬೆಳಗಿನ ವಾಕಿಂಗಿಗೆ ಹೊರಡೋಕೆ ಮುಂಚೆ ರಸ್ತೆಯ ಎಂಟು ಕಂಬಕ್ಕೂ ಅಂಟಿಸಿ ಬಂದೆ.

ಎಷ್ಟು ಹೊತ್ತಾದರೂ ಅವರು ವಾಪಸ್ ಬರಲಿಲ್ಲ. ಹೋಗಿ ನೋಡಿದರೆ ಮೂರನೇ ಕಂಬದ ಹತ್ತಿರ ಯಾರದೋ ಮನೆಯ ಗಿಡ್ಡ ಗೋಡೆ ಮೇಲೆ ಕೂತಿದ್ದರು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಏನಾಯ್ತು ತಾತ?"

"ಅದು ನಾನು" ಅಂದರು, ಕಂಬ ತೋರಿಸಿ.

ಬದುಕಿರುವವರ ಮುಖಕ್ಕೆ ಕಪ್ಪು ಅಂಚು ಹಾಕಿದ್ದೆ. ನಮ್ಮಲ್ಲಾಗಿದ್ದರೆ ಅಮ್ಮ ದೃಷ್ಟಿ ತೆಗೆದು, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ನನ್ನ ಬೆನ್ನಿಗೂ ಎರಡು ಕೊಡುತ್ತಿದ್ದಳು. ಕಿತ್ತುಹಾಕ್ತೀನಿ ಅಂತ ಎದ್ದೆ. "ಕ್ಷಮಿಸಿ ತಾತ, ಗಡಿಯಲ್ಲಿ ಸತ್ತೋರು ಅಂದ್ರಲ್ಲ, ಅದಕ್ಕೇ ಸೈನಿಕನನ್ನ ಹಾಕಿಬಿಟ್ಟೆ."

"ನಮ್ಮ ಗಡಿಯಲ್ಲಿ ಸೈನಿಕರು ಸಾಯುತ್ತಿರಲಿಲ್ಲ" ಅಂದರು. "ನಮ್ಮ ಬಂದೂಕು ದೇಶದ ಕಡೆಗೇ, ದಾಟಿ ಓಡಿಹೋಗೋ ನಮ್ಮವರ ಕಡೆಗೇ ತಿರುಗಿತ್ತು."

ಆಮೇಲೆ ಅಡುಗೆಮನೆಯಲ್ಲಿ ಕೂತು ಮಿಕ್ಕಿದ್ದನ್ನು ಹೇಳಿದರು. ಹೆಂಡತಿಗೂ ಹೇಳಿರಲಿಲ್ಲವಂತೆ. ಕರಪತ್ರದ ದಿನಗಳ ನಡುವೆಯೇ ಇವರನ್ನು ಕಡ್ಡಾಯದ ಸೈನ್ಯಕ್ಕೆ ಎಳೆದುಕೊಂಡು ಗಡಿ ಕಾವಲಿಗೆ ಹಾಕಿದರು. ಊರಲ್ಲಿ ಗುಂಪಿನ ಇಬ್ಬರು ಸಿಕ್ಕಿಬಿದ್ದರು. ಮುಂದಿನ ಸರದಿ ಗೆಳೆಯನದು. ಇವರೇ ಅವನಿಗೆ ಜಾಗ, ಹೊತ್ತು ಎರಡೂ ಹೇಳಿ ಕಳಿಸಿದರು. ಆ ದಿನ ಮಧ್ಯಾಹ್ನ ನಾನೊಬ್ಬನೇ ಇರ್ತೀನಿ, ಬಾ, ದಾಟಿಸ್ತೀನಿ ಅಂತ. ಅವನು ಹೇಳಿದ ಹೊತ್ತಿಗೇ ಪೊದೆಯಿಂದ ಎದ್ದು ಬಂದ, ಇವರನ್ನು ನೋಡಿ ಕೈಯೆತ್ತಿದ. ಮೇಲಧಿಕಾರಿಯೊಬ್ಬ ಆಗಷ್ಟೇ ತಪಾಸಣೆಗೆ ಬಂದು ಇವರ ಬೆನ್ನ ಹಿಂದೆ ನಿಂತಿದ್ದ. ಹೊಡಿ ಅಂದ.

"ಗುರಿ ತಪ್ಪಿಸಬಹುದಿತ್ತು" ಅಂದರು ತಾತ. "ತಪ್ಪಿಸಿದರೆ ನನಗೂ ಅವನಿಗೂ ಏನೋ ಇದೆ ಅಂತ ಗೊತ್ತಾಗುತ್ತೆ ಅನ್ನಿಸಿತು. ಅಷ್ಟು ಯೋಚನೆ ಮಾಡೋಕೆ ನನಗೆ ಟೈಮಿತ್ತು, ನೋಡು."

ಅದಕ್ಕೆ ಬಹುಮಾನ ಹತ್ತು ದಿನ ರಜೆ. ಊರಿಗೆ ಹೋದರು. ಮಾರ್ಚ್ ಒಂದನೇ ತಾರೀಕು ಗೆಳೆಯನ ತಾಯಿ ಮನೆಗೆ ಕರೆದು ಊಟ ಹಾಕಿದಳು. ಮಗ ತಪ್ಪಿಸಿಕೊಂಡು ಹೋದ ಅಂತ ಅವಳ ನಂಬಿಕೆ. ಇವರ ಕೈಗೆ ದಾರ ಕಟ್ಟಿ, ಇನ್ನೊಂದನ್ನೂ ಕಟ್ಟಿ, "ಅವನು ಎಲ್ಲಾದರೂ ಸಿಕ್ಕರೆ ಇದನ್ನ ಅವನಿಗೆ ಕಟ್ಟು" ಅಂದಳಂತೆ. ತಾತ ಊಟ ಮಾಡಿಕೊಂಡು ಎದ್ದು ಬಂದರು. ರಜೆ ಮುಗಿಸಿ ಹೋದ ವಾರವೇ ಅದೇ ಜಾಗದಲ್ಲಿ ತಾವೇ ಗಡಿ ದಾಟಿದರು. ಅಲ್ಲಿನ ಸರ್ಕಾರ ಬಿದ್ದಮೇಲೂ ಊರಿಗೆ ಹೋಗಲಿಲ್ಲ, ಗೆಳೆಯನ ತಾಯಿಗೆ ಒಂದು ಪತ್ರವನ್ನೂ ಬರೆಯಲಿಲ್ಲ. ಆ ತಾಯಿ ಎಷ್ಟು ವರ್ಷ ಬದುಕಿದ್ದಳೋ ಅವರಿಗೆ ಗೊತ್ತಿಲ್ಲ. "ದೇವರು ಇಷ್ಟು ಎತ್ತರ ಕೊಟ್ಟ, ಒಳಗೆ ಏನೂ ಇಡೋಕೆ ಮರೆತ" ಅಂದರು.

ನಾನು ಎದ್ದು ಟೀ ಮಾಡಿದೆ. ಆಮೇಲೆ ಕಂಬದ ಕಾಗದ ಕಿತ್ತು, ಕೋಟಿನ ಹುಡುಗನ ಮುಖ ಹಾಕಿ ಬೇರೆ ಅಂಟಿಸಿದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಆ ಹುಡುಗನೇ.

ಅದಾಗಿ ಏಳು ವರ್ಷಕ್ಕೆ ನನ್ನ ಮದುವೆ ಗೊತ್ತಾಯಿತು, ಸಿಡ್ನಿಯಲ್ಲಿ ಕೆಲಸವೂ ಸಿಕ್ಕಿತು. ಹೊರಡೋಕೆ ಕೆಲವು ತಿಂಗಳಿದ್ದಾಗ ತಾತ ಒಂದು ಹಾಳೆ ಕೊಟ್ಟರು. "ಇದನ್ನೊಂದು ಪ್ರಿಂಟ್ ಹಾಕು. ಈ ಸಲ ಯಾರನ್ನೂ ಕತ್ತರಿಸಬೇಡ. ಪೂರ್ತಿ ಫೋಟೋ ಇರಲಿ." ಅವರ ಲಿಪಿ ನನಗೆ ಓದೋಕೆ ಬರಲ್ಲ. ಅರ್ಥ ಅವರೇ ಹೇಳಿದರು. ಮೇಲೆ ಗೆಳೆಯನ ಹೆಸರು. ಕೆಳಗೆ, "ಇವನು ನನ್ನನ್ನು ನಂಬಿ ಬಂದ. ಹೊಡೆದವನು ಪಕ್ಕದಲ್ಲಿ ಕೂತಿರುವ ನಾನು." ಅದರ ಕೆಳಗೆ ತಾತನ ಹೆಸರು.

"ಹಾಲ್‌ನ ಬೋರ್ಡಿಗೆ ಚುಚ್ಚು. ನನ್ನ ಕೈಲಿ ಆಗಲ್ಲ" ಅಂದರು.

"ಈ ವಯಸ್ಸಲ್ಲಿ ಯಾಕೆ ತಾತ ಇದೆಲ್ಲ?"

"ಈ ವಯಸ್ಸು ಬಿಟ್ಟರೆ ಇನ್ನು ಯಾವ ವಯಸ್ಸಿದೆ?"

ಆ ಭಾನುವಾರ ಕರೆದುಕೊಂಡು ಹೋದೆ. ಅವರು ಒಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಬೋರ್ಡು ಹೊರಗೆ ಕಾರಿಡಾರಿನಲ್ಲಿತ್ತು. ಕಾಗದ ತೆಗೆದೆ, ಪಿನ್ನೂ ತೆಗೆದೆ. ಒಳಗಿನಿಂದ ಯಾರೋ "ನಮ್ಮ ಕ್ರಾಂತಿಕಾರಿ ಬಂದರು" ಅಂದದ್ದು ಕೇಳಿಸಿತು. ನಾಳೆ ಇವರಿಗೆ ಒಂದು ಬ್ರೆಡ್ಡು ತಂದುಕೊಡೋರೂ ಇರಲ್ಲ, ನಾನೂ ಊರು ಬಿಡ್ತಿದೀನಿ ಅಂತ ಒಂದು ಕ್ಷಣ ಯೋಚನೆ ಬಂತು. ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಒಳಗೆ ಹೋದಾಗ ಕಣ್ಣಲ್ಲೇ ಕೇಳಿದರು. "ಹಾಕಿದೆ ತಾತ" ಅಂದೆ.

ಆ ಮಧ್ಯಾಹ್ನ ಅವರು ಕಾರಿಡಾರಿನಿಂದ ಬಂದ ಒಬ್ಬೊಬ್ಬರ ಮುಖವನ್ನೂ ನೋಡಿದ್ದು ನಾನು ಕಂಡೆ. ಜನ ಎಂದಿನ ಹಾಗೆ ಕೈ ಕುಲುಕಿದರು, ಕೇಕ್ ಕೊಟ್ಟರು. ಹೊರಡುವಾಗ ಅಜ್ಜಿಯೊಬ್ಬರು ಅವರ ಎರಡು ಕೈಯನ್ನೂ ಗಟ್ಟಿಯಾಗಿ ಹಿಡಿದುಕೊಂಡು ಒಂದು ನಿಮಿಷ ಹಾಗೇ ನಿಂತರು. ತಾತ ಹೋದರು ಅಂತ ನನಗೆ ಫೋನ್ ಮಾಡಿದವರು ಇವರೇ. ತಾತ ಅಲ್ಲೇ ಅತ್ತುಬಿಟ್ಟರು, ಬೋರ್ಡಿನ ಕಡೆ ತಲೆಯೆತ್ತದೆ ಹೊರಗೆ ಬಂದರು. ಮನೆ ಮುಂದೆ ಇಳಿಯುವಾಗ, "ಎಲ್ಲರೂ ಓದಿದರು. ಯಾರೂ ಏನೂ ಅನ್ನಲಿಲ್ಲ. ಆಕೆ ಕೈ ಹಿಡಿದುಕೊಂಡಳು, ನೋಡಿದೆಯಾ?" ಅಂದರು.

ನೋಡಿದೆ ಅಂದೆ. ಬಿಸಿ ತುಪ್ಪ, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ.

ಆ ಆಗಸ್ಟಿನಲ್ಲಿ ಪ್ಲಮ್ ಮರ ಹೂ ಬಿಟ್ಟಾಗ ತಾತ ಎರಡು ದಾರವನ್ನೂ ಮರಕ್ಕೆ ಕಟ್ಟಿದರು. ಟೀ ಡಬ್ಬಿ ತಂದು ಹಳೆಯವನ್ನೂ ಒಂದೊಂದಾಗಿ ಕಟ್ಟಿದರು. ನನ್ನನ್ನೂ ಕರೆದರು, ಕೊಂಬೆ ಬಗ್ಗಿಸಿ ಹಿಡಿದುಕೋ ಅಂತ. ಹಿಡಿದುಕೊಂಡೆ. ಅಷ್ಟು ಹಗುರವಾದ ಮುಖ ನಾನು ಅವರಲ್ಲಿ ಕಂಡಿರಲಿಲ್ಲ. ಹೇಳಿಬಿಡಬೇಕು ಅಂತ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಮಾರನೇ ತಿಂಗಳು ಸಿಡ್ನಿಗೆ ಬಂದೆ. ಆಮೇಲಿನ ಮೂರು ಮಾರ್ಚ್‌ನಲ್ಲೂ ವಿಡಿಯೋ ಕಾಲ್‌ನಲ್ಲಿ ನೋಡಿದಾಗ ಅವರ ಕೈಯಲ್ಲಿ ಒಂದೇ ದಾರ. "ಜನ ಒಳ್ಳೆಯವರು" ಅಂತ ಪ್ರತಿ ಸಲ ಹೇಳುತ್ತಿದ್ದರು. ನಾನು ಮೊಸರಿನ ಮಾತು ತೆಗೆಯುತ್ತಿದ್ದೆ.

ನಲವತ್ತನೇ ದಿನಕ್ಕೆ ಹೊರಟಾಗ ಕಾಗದ ಬ್ಯಾಗಿಗೆ ಇಟ್ಟುಕೊಳ್ಳೋದನ್ನು ನನ್ನ ಗಂಡ ನೋಡಿದರು. ಅವರಿಗೆ ಎಲ್ಲ ಹೇಳಿದ್ದೆ. "ಹೋದೋರು ಹೋದ್ರು, ಬಿಟ್ಬಿಡೇ. ನೆಮ್ಮದಿಯಾಗಿ ಹೋಗಿದಾರೆ. ಈಗ ಯಾಕೆ ಕೆದಕ್ತೀಯ?" ಅಂದರು. ಗಂಡ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಕೋಟಿನ ಹುಡುಗ ಹೇಗೆ ಹೋದ ಅಂತ ತಾತನ ಬಾಯಿಂದಲೇ ಕೇಳಿದವಳು ಈ ಭೂಮಿ ಮೇಲೆ ಈಗ ನಾನೊಬ್ಬಳೇ. ತುಮಕೂರಿನವಳಿಗೆ ಯಾಕೆ ಬೇಕಿತ್ತು ಈ ಭಾರ?

ಕಾರಿಡಾರಿನ ಬೋರ್ಡಿನಲ್ಲಿ ತಾತನ ಕಪ್ಪಂಚಿನ ಕಾಗದ ಇತ್ತು. ಮುದಿ ವಯಸ್ಸಿನ ಫೋಟೋ, ಕೋಟು, ಟೈ. ಹೆಸರಿನ ಕೆಳಗಿರೋದು ಕ್ರಾಂತಿಕಾರಿ ಅನ್ನೋ ಮಾತು ಅಂತ ಯಾರೋ ಹೇಳಿದರು. ಪಕ್ಕದ ಮೇಜಿನ ಮೇಲೆ ಸಣ್ಣ ಸಣ್ಣ ಕಪ್ಪುಗಳಲ್ಲಿ ಸಕ್ಕರೆ ಉದುರಿಸಿದ ಗೋಧಿ. ನಾನು ಈ ಸಲ ಯೋಚನೆ ಮಾಡಲಿಲ್ಲ. ಕಾಗದ ಬಿಡಿಸಿ, ಅವರ ಮುಖದ ಪಕ್ಕಕ್ಕೇ ಚುಚ್ಚಿದೆ. ಮಡಿಕೆಯ ಗೆರೆ ಸರಿಯಾಗಿ ಇಬ್ಬರು ಹುಡುಗರ ನಡುವೆ ಬಿದ್ದಿತ್ತು.

ಮೊದಲು ಓದಿದವರು ಆ ಅಜ್ಜಿ. ಕೋಲು ಊರಿಕೊಂಡು ಬಂದವರು ಕನ್ನಡಕ ಹಾಕಿಕೊಂಡು ಓದಿದರು, ಮತ್ತೊಮ್ಮೆ ಓದಿದರು.

"ಇದನ್ನ ಯಾರು ಬರೆದಿದ್ದು?"

"ಅವರೇ. ಮೂರು ವರ್ಷದ ಹಿಂದೆ. ಆಗಲೇ ಹಾಕು ಅಂದಿದ್ದರು. ನಾನು ಹಾಕಲಿಲ್ಲ, ಹಾಕಿದೆ ಅಂದೆ."

"ಅಂದರೆ ನಾವೆಲ್ಲ ಓದಿದ್ದೀವಿ ಅಂದುಕೊಂಡೇ ಇದ್ದನಾ?"

"ಹೌದು. ನೀವು ಅವತ್ತು ಅವರ ಕೈ ಹಿಡಿದುಕೊಂಡಿರಿ. ಸಾಯೋವರೆಗೂ ಅದನ್ನೇ ಹೇಳುತ್ತಿದ್ದರು."

ಅಜ್ಜಿ ತುಂಬ ಹೊತ್ತು ನೆನಪು ಮಾಡಿಕೊಂಡರು.

"ಅವತ್ತು ನೆಲ ಒರೆಸಿದ್ದರು" ಅಂದರು. "ನನಗೆ ಆಗಷ್ಟೇ ಮಂಡಿ ಆಪರೇಷನ್ ಆಗಿತ್ತು. ಬೀಳ್ತೀನಿ ಅನ್ನಿಸಿ ಹಿಡಿದುಕೊಂಡೆ."

ಒಳಗಿನಿಂದ ಒಬ್ಬೊಬ್ಬರೇ ಬಂದು ಓದಿದರು. ಯಾರೂ ಕಾಗದ ಕೀಳಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಮೇಜಿನ ಮೇಲಿನ ಗೋಧಿಗೆ ಯಾರೂ ಕೈ ಹಾಕಲಿಲ್ಲ. ನಾನೊಂದು ಕಪ್ಪು ತೆಗೆದುಕೊಂಡು, ತಾತ ಕಲಿಸಿದ ಹಾಗೇ ಅವರ ಭಾಷೆಯಲ್ಲಿ "ದೇವರು ಕ್ಷಮಿಸಲಿ" ಅಂದೆ. ನನ್ನ ಉಚ್ಚಾರ ಸರಿಯಿತ್ತೋ ಇಲ್ಲವೋ, ಯಾರೂ ತಿರುಗಿ ನೋಡಲಿಲ್ಲ.

ಅಜ್ಜಿ ಹೊರಟರು. ಬಾಗಿಲ ಹತ್ತಿರ ಎರಡು ಮೆಟ್ಟಿಲಿವೆ. ನಾನು ಮುಂದೆ ಹೋಗಿ ಕೈ ಚಾಚಿದೆ. ಅವರು ನನ್ನ ಕೈಯನ್ನು ನೋಡಿದರು, ಆಮೇಲೆ ಗೋಡೆ ಹಿಡಿದುಕೊಂಡು ಇಳಿದರು.